ಹೊತ್ತು ಮುಳುಗುವ ಮೊದಲಿನ ಕಷಾಯ

ಚಮಚವನ್ನು ಮೂರು ಸಲ ತೊಳೆದರೂ ಸಾಲದೆನ್ನಿಸಿ ಜಿನಪ್ಪ ಅದನ್ನು ನಾಲ್ಕನೆಯ ಸಲ ನಲ್ಲಿಯ ಕೆಳಗೆ ಹಿಡಿದ. ಮೂವತ್ತು ವರ್ಷದಿಂದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಜೇನು ನೀರಿನಲ್ಲಿ ಕರಗುತ್ತದೆ, ಒಂದು ಸಲ ತೊಳೆದರೆ ಹೋಗುತ್ತದೆ ಎಂಬುದು ಅವನಿಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೂ ಕೈ ನಿಲ್ಲಲಿಲ್ಲ. ಒಲೆಯ ಮೇಲೆ ಒಣಶುಂಠಿ, ಮೆಣಸು, ತುಳಸಿ, ಅರಿಶಿನ ಹಾಕಿದ ನೀರು ಕುದ್ದು ಅರ್ಧಕ್ಕೆ ಇಳಿದಿತ್ತು. ಹಸಿ ಶುಂಠಿ ಆ ಜೈನ ಮನೆಯ ಹೊಸ್ತಿಲು ದಾಟುವುದಿಲ್ಲ. ಮಣ್ಣೊಳಗೆ ಬೆಳೆಯುವ ಗಡ್ಡೆಯಲ್ಲಿ ಲೆಕ್ಕವಿಲ್ಲದಷ್ಟು ಜೀವ, ಒಣಗಿದ್ದಕ್ಕೆ ಮಾತ್ರ ಅಡ್ಡಿಯಿಲ್ಲ. ನೀರನ್ನು ಸಹ ಬಟ್ಟೆಯಲ್ಲಿ ಸೋಸಿಯೇ ಒಲೆಗಿಡಬೇಕು. ಜೇನಿನ ಹೆಸರನ್ನೂ ಎತ್ತುವಂತಿಲ್ಲ. ಇಷ್ಟೆಲ್ಲ ನೇಮವಿರುವ ಒಲೆಯ ಮುಂದೆ ನಿಂತು, ಅವನು ಇಪ್ಪತ್ತೆರಡು ದಿನಗಳಿಂದ, ಮುಂಜಾನೆ ಒಂದು ಸಂಜೆ ಒಂದು ಚಮಚದಂತೆ, ಹೆಂಡತಿಯ ಲೋಟಕ್ಕೆ ಜೇನು ಹಾಕುತ್ತಿದ್ದ. ಕೆಮ್ಮಿನ ಔಷಧಿಯ ಹಳೆಯ ಬಾಟಲಿಯಲ್ಲಿ ತುಂಬಿಸಿ ತರಿಸಿ, ಶಾಲೆಯ ಚೀಲದಲ್ಲಿ ಪ್ರಯೋಗಶಾಲೆಯ ಪುಸ್ತಕಗಳ ನಡುವೆ ಬಚ್ಚಿಟ್ಟಿದ್ದ. ಹಾಕುವಾಗ ಮುಖ ಆಚೆ ತಿರುಗಿಸಿ ಉಸಿರು ಹಿಡಿಯುತ್ತಿದ್ದ, ವಾಸನೆ ತಾಗಿದರೂ ತಾನು ತಿಂದಂತೆ ಎಂಬ ಹಾಗೆ. ಹೆಂಡತಿಗೆ ಕುಡಿಸಬಹುದು, ತಾನು ಮೂಸಬಾರದು: ಎಂಥ ಧರ್ಮವಂತ! ಅವಳು ಕೇಳಿದರೆ ಬೆಲ್ಲ ಎಂದು ಹೇಳಲು ಉತ್ತರ ಸಿದ್ಧವಿತ್ತು. ಅವಳು ಒಂದು ದಿನವೂ ಕೇಳಿರಲಿಲ್ಲ.

ಹೊರಗೆ ಪಡಸಾಲೆಯಲ್ಲಿ ಹೆಂಡತಿ ಸುಂದರಾಬಾಯಿ ಉಪ್ಪುನೀರಿನಿಂದ ಮೂಗು ತೊಳೆಯುವ ಸದ್ದು ಕೇಳಿಸಿತು. ಒಂದು ಹೊಳ್ಳೆಯಿಂದ ಹೋಗಿ ಇನ್ನೊಂದರಿಂದ ಬರುವ ನೀರು. ಅದನ್ನು ಕಲಿಸಿದವನೂ ಅವನೇ. ಇಂಗ್ಲಿಷ್ ಗುಳಿಗೆ ನುಂಗಿದರೆ ಅವಳಿಗೆ ತೂಕಡಿಕೆ. ಒಮ್ಮೆ ಮಧ್ಯಾಹ್ನ ಹೆಂಗಸರಿಗೆ ಶಾಸ್ತ್ರ ಓದಿ ಹೇಳುತ್ತಿದ್ದವಳು ಪುಸ್ತಕದ ಮೇಲೆಯೇ ತಲೆಯಿಟ್ಟಿದ್ದಳು, ಅಂದಿನಿಂದ ಗುಳಿಗೆ ಬಂದ್. ಮಳೆ ಹಿಂದೆ ಸರಿದು ಬೆಳಗಿನ ಬಿಸಿಲು ಚುರುಕಾಗುವ ಹೊತ್ತಿಗೆ ಬೆಳಗಾವಿಯ ಅನಗೋಳದ ಖಾಲಿ ಜಾಗಗಳಲ್ಲೆಲ್ಲ ಕಾಂಗ್ರೆಸ್ ಕಸ ಎನ್ನುವ ಪಾರ್ಥೇನಿಯಂ ಕಳೆ ಬಿಳಿಯಾಗಿ ಹೂಬಿಡುತ್ತಿತ್ತು, ಇತ್ತ ಅವಳ ಮೂಗು ಕೆಂಪಾಗುತ್ತಿತ್ತು. ಮೊದಲು ಕಣ್ಣಿನ ತುದಿಯಲ್ಲಿ ತುರಿಕೆ, ಆಮೇಲೆ ಅಂಗುಳ, ಆಮೇಲೆ ಒಂದರ ಬೆನ್ನಿಗೆ ಒಂದು ಸೀನು. ಎರಡು ವರ್ಷದ ಹಿಂದೆ ಬಸದಿಯಲ್ಲಿ ಅಭಿಷೇಕ ನಡೆದಾಗ ಅವಳಿಗೆ ಹನ್ನೊಂದು ಸೀನು ಬಂದವು. ಅವನು ಎಣಿಸಿದ್ದ. ಹಾಲಿನ ಕೊಡ ಹಿಡಿದವರು ಸೆರಗು ಅಡ್ಡ ಮಾಡಿಕೊಂಡರು. ಕಬ್ಬಿನ ಹಾಲಿನ ತಂಬಿಗೆ ಹಿಡಿದಿದ್ದ ಅಕ್ಕವ್ವ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವ ಹಾಗೆ, "ಹೊರಗ ನಿಂದರವಾ ಸುಂದರಕ್ಕಾ, ಗಂಧೋದಕಕ್ಕ ಸಿಡದೀತು" ಎಂದಳು; ಅಭಿಷೇಕದ ಆ ನೀರನ್ನೇ ಎಲ್ಲರೂ ತಲೆಗೆ ಹಚ್ಚಿಕೊಳ್ಳುವುದು. ಸುಂದರಾಬಾಯಿ ಕೈಯಲ್ಲಿದ್ದ ಕಳಶವನ್ನು ಬಾಜು ನಿಂತವಳಿಗೆ ಕೊಟ್ಟು, ತಲೆ ತಗ್ಗಿಸಿ, ಗಂಡಸರ ಸಾಲಿನ ಮುಂದೆಯೇ ಹಾದು ಹೊರಗೆ ಹೋದಳು. ಹೋಗುವಾಗ ಒಮ್ಮೆ ಅವನ ಕಡೆ ನೋಡಿದಳು. ಅವನು ಮೂರ್ತಿಯ ಮೇಲೆ ಇಳಿಯುತ್ತಿದ್ದ ಹಾಲನ್ನು ನೋಡುತ್ತಿದ್ದ, ನೋಡುತ್ತಲೇ ಇದ್ದ. ಆ ಹೆಂಗಸು ಯಾರೋ ಎಂಬಂತೆ ನಿಂತಿದ್ದ. ಅಂದಿನಿಂದ ಆ ಋತು ಬಂತೆಂದರೆ ಅವಳು ಅಂಗಳದ ಮಾನಸ್ತಂಭದ ಹತ್ತಿರವೇ ನಿಂತು ಕೈಮುಗಿದು ಬರುತ್ತಿದ್ದಳು. ಅವನಿಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಅವನಿಗೆ ಹಗುರಾಗುತ್ತಿತ್ತು.

"ಕಾಸಿದ್ರೇನ್ರಿ?" ಎನ್ನುತ್ತ ಅವಳು ಒಳಗೆ ಬಂದಳು. ಮುಖ ಒದ್ದೆಯಾಗಿತ್ತು, ಮೂಗು ಕೆಂಪಾಗಿರಲಿಲ್ಲ.

"ಆತು. ಸ್ವಲ್ಪ ಆರಲಿ." ಅವನು ಚಮಚವನ್ನು ಕಿಸೆಗೆ ಹಾಕಿಕೊಂಡ.

"ನಿನ್ನೆ ಅಕ್ಕವ್ವ ಬಂದಿದ್ಲು. ದೀಪಾವಳಿ ಮುಂಜಾನೆ ನಿರ್ವಾಣ ಪೂಜಾಕ್ಕ ಕಳಶಾ ನೀನ ಹಿಡೀಬೇಕು ಅಂದ್ಲು. ಆಕಿನ ಅಂದ್ಲು ನೋಡ್ರಿ! ಸೀನು ಹೆಂಗ ನಿಂತವು ಅಂತ ಕೇಳಿದ್ಲು."

"ನೀ ಏನಂದಿ?"

"ಏನನ್ನಲಿ? ನಮ್ಮ ಮನ್ಯಾಗ ಕಷಾಯ ಅವರ ಕಾಸತಾರ ಅಂದೆ. ಆಕಿಗೆ ನಂಬಿಗಿನ ಬರಲಿಲ್ಲ." ಅವಳು ನಕ್ಕಳು. "ಹುಟ್ಟಿದಾಗಿಂದ ಒಂದ ನೇಮಾ ತಪ್ಪಿಲ್ಲ, ಅದಕ್ಕ ಕೈ ಹಿಡೀತು ಅಂತನೂ ಅಂದೆ. ಸೊಕ್ಕಿನ ಮಾತಾತೇನ್ರಿ?"

ಸೊಕ್ಕಿನದಲ್ಲ ಎಂದು ಅವನು ತಲೆಯಾಡಿಸಿದ. ಲೋಟ ಕೊಟ್ಟ. ಅವಳು ಎಂದಿನಂತೆ ಕಣ್ಣು ಮುಚ್ಚಿ ಒಂದೇ ಗುಟುಕಿನಲ್ಲಿ ಕುಡಿದು, ತುಟಿ ಸವರಿಕೊಂಡು, ಏನೋ ಹೇಳುವವಳಂತೆ ಅವನತ್ತ ನೋಡಿ, ಹೇಳದೆ ಲೋಟ ಬೋರಲು ಹಾಕಿದಳು. ಮದುವೆಯಾಗಿ ಇಪ್ಪತ್ತೇಳು ವರ್ಷದಲ್ಲಿ ಒಲೆ ಹಚ್ಚದ ಗಂಡ ತನಗಾಗಿ ಕಷಾಯ ಕಾಸುತ್ತಾನೆಂಬುದು ಅವಳ ಮುಖದಲ್ಲಿ ಈ ಮೂರು ವಾರದಿಂದ ಒಂದು ಎಳೆತನ ತಂದಿತ್ತು. ಅದನ್ನು ನೋಡಿದಾಗಲೆಲ್ಲ ಅವನು ಒಲೆಯ ಕಡೆ ತಿರುಗಿಬಿಡುತ್ತಿದ್ದ. ಬಾಟಲಿ ಇವತ್ತಿಗೆ ಬರಿದಾಗಿತ್ತು. ನಿಲ್ಲಿಸಿಬಿಡಲೇ? ನಿಲ್ಲಿಸಿದರೆ, ದೀಪಾವಳಿಯ ಬೆಳಗು ಮತ್ತೆ ಹನ್ನೊಂದು ಸೀನು. ನಿಲ್ಲಿಸದಿದ್ದರೆ, ಹುಟ್ಟಿದಾಗಿನಿಂದ ಜೇನು ಮುಟ್ಟದವಳು, ಜೇನು ಕುಡಿದ ಬಾಯಿಂದ ಮಂತ್ರ ಹೇಳುತ್ತ, ಎಲ್ಲರೆದುರು ಕಳಶ ಎತ್ತುತ್ತಾಳೆ; ಅವನೊಬ್ಬನಿಗೆ ಮಾತ್ರ ಗೊತ್ತು. ರವಿವಾರ, ಶಾಲೆಯಿಲ್ಲ. ಖಾನಾಪುರಕ್ಕೆ ಹೋಗಿ ಶಾಲೆಯ ಜವಾನ ಸಮದನನ್ನು ಕಂಡು ಬರುತ್ತೇನೆ ಎಂದ. ಅವಳು ಯಾಕೆ ಎಂದೂ ಕೇಳಲಿಲ್ಲ. ಸಮದನ ಹೆಂಡತಿಗೆಂದು ಡಬ್ಬಿಯಲ್ಲಿ ಶೇಂಗಾ ಉಂಡಿ ಹಾಕಿ, "ರಾಜಬೀಗ ಕೊಡ್ರಿ, ನಾ ಕೇಳೇನಿ ಅಂತ ಹೇಳ್ರಿ. ಹೊತ್ತು ಮುಳಗೂದರಾಗ ಬರ್ರಿ ಮತ್ತ, ಸಂಜೀ ಕಷಾಯ ಐತಿ" ಎಂದಳು. ಹೊತ್ತು ಮುಳುಗಿದ ಮೇಲೆ ಅವಳು ನೀರನ್ನೂ ಮುಟ್ಟುವುದಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಪೀರನವಾಡಿ ದಾಟಿತು. ರಸ್ತೆಯ ಎರಡೂ ಬದಿಗೆ ಅದೇ ಬಿಳಿ ಹೂ, ಮೊಣಕಾಲೆತ್ತರ, ಯಾರೂ ಬಿತ್ತದ ಬೆಳೆ. ಒಂದು ಹನಿ ಜೇನು ನಾಲಿಗೆಗೆ ತಾಗಿದರೆ ಏಳು ಊರು ಸುಟ್ಟ ಪಾಪ ಎಂದು ಅವನ ತಾಯಿ ಹೇಳುತ್ತಿದ್ದಳು. ಚಿಕ್ಕವನಿದ್ದಾಗ ಅವನಿಗೆ ಊರುಗಳ ಹೆಸರು ಬೇಕಿತ್ತು. "ಯಾವ ಯಾವ ಊರು?" ಎಂದು ಕಾಡುತ್ತಿದ್ದ, ಅವಳು ಬೇಸತ್ತು ಸಾಂಬ್ರಾದಿಂದ ಶುರುಮಾಡಿ ಬಾಯಿಗೆ ಬಂದ ಏಳು ಹೇಳುತ್ತಿದ್ದಳು. ಈಗ ಮಚ್ಛೆ ಬಂತು, ಅವನ ಲೆಕ್ಕದಲ್ಲಿ ಸುಟ್ಟುಹೋಯಿತು. ದೇಸೂರ ಬಂತು, ಭತ್ತದ ರಾಶಿಯ ಮುಂದೆ ಒಬ್ಬ ಮುದುಕಿ ಮೊರ ಹಿಡಿದು ಕೂತಿದ್ದಳು, ಅವಳೂ ಸುಟ್ಟುಹೋದಳು. ಒಂದು ಹನಿಗೆ ಏಳಾದರೆ ಒಂದು ಚಮಚಕ್ಕೆಷ್ಟು, ನಲವತ್ತಕ್ಕೂ ಹೆಚ್ಚು ಚಮಚಕ್ಕೆಷ್ಟು? ಬೆಳಗಾವಿ ಜಿಲ್ಲೆ ಮುಗಿದು, ಧಾರವಾಡ ಮುಗಿದು, ಗೋವಾ ಗಡಿಯನ್ನೂ ದಾಟಬೇಕಾಗಬಹುದು. ಅವನಿಗೆ ನಗು ಬಂತು, ಅರ್ಧಕ್ಕೇ ನಿಂತಿತು. ಪಾಪ ಮಾಡಿದವನು ತಾನಾದರೆ ಸುಟ್ಟುಕೊಳ್ಳಲಿ. ಆದರೆ ಕುಡಿದವಳು ಅವಳು. ತನ್ನದಲ್ಲದ ಬಾಯಿಯಲ್ಲಿ ಅವನು ಪಾಪ ಮಾಡಿದ್ದ.

ಶಾಲೆಯ ಪ್ರಯೋಗಶಾಲೆಯಲ್ಲಿ ಜವಾನನಾಗಿರುವ ಸಮದ ದಿನಾ ಖಾನಾಪುರದಿಂದ ಬಸ್ಸಿಗೆ ಬರುವವನು. ದಸರೆಗೆ ಮುಂಚೆ ಒಂದು ದಿನ ಬೀಕರು ಒರೆಸುತ್ತ, "ಸರ, ಅಕ್ಕಾರ ಸೀನಿಗೆ ನಮ್ಮ ಕಡೆ ಜೇನ ಕೊಡತಾರ್ರಿ. ಯಾವ ಹೂವಿನ ಪುಡಿ ಮೂಗಿಗೆ ಆಗಂಗಿಲ್ಲೋ, ಆ ಸೀಮಿ ಹೂವಿನ ಜೇನು ದಿನಾ ಒಂದ ಚಮಚಾ ತಗೊಂಡ್ರ ಮೂಗು ರೂಢಿ ಆಗತೈತಿ. ಆದರ ನೀವು..." ಎಂದು ಅಲ್ಲಿಗೇ ನಿಲ್ಲಿಸಿದ್ದ. ಇದು ಖರೆಯೋ ಸುಳ್ಳೋ ಯಾರೂ ಸರಿಯಾಗಿ ತೂಗಿ ನೋಡಿಲ್ಲ ಎಂದು ಜಿನಪ್ಪನಿಗೆ ಗೊತ್ತಿತ್ತು. ತರಗತಿಯಲ್ಲಿ ಒಬ್ಬ ಹುಡುಗ ಹೀಗೆ ಹೇಳಿದ್ದರೆ, ಪುರಾವೆ ಎಲ್ಲಿದೆಯೋ ಎಂದು ಕಿವಿ ಹಿಂಡುತ್ತಿದ್ದ. ಆದರೆ ಅವನ ಕಣ್ಣ ಮುಂದೆ ಇದ್ದದ್ದು ಪುರಾವೆಯಲ್ಲ. ಸಾಲಿನ ಮುಂದೆ ತಲೆ ತಗ್ಗಿಸಿ ಹೋಗುತ್ತಿದ್ದ ಹೆಂಡತಿಯ ಬೆನ್ನು. ಮರುದಿನ ಮೆಲ್ಲಗೆ, "ಒಂದು ಬಾಟಲಿ ತಂದುಬಿಡು ಸಮದ, ಯಾರಿಗೂ ಹೇಳಬ್ಯಾಡ" ಎಂದಿದ್ದ. ಸಮದ ಒರೆಸಿದ ಬೀಕರನ್ನೇ ಮತ್ತೆ ಒರೆಸಿ, ಎರಡು ದಿನ ಬಿಟ್ಟು ಮನೆಯಿಂದ ಬಾಟಲಿ ತುಂಬಿಸಿ ತಂದಿದ್ದ.

ಖಾನಾಪುರದಲ್ಲಿ ಇಳಿದು, ಇಟ್ಟಿಗೆಯ ರಾಶಿಗಳನ್ನು ಬಳಸಿಕೊಂಡು ಓಣಿ ಹೊಕ್ಕಾಗ ಮಧ್ಯಾಹ್ನ ಮೀರಿತ್ತು. ಸಮದ ಮನೆಯಲ್ಲಿರಲಿಲ್ಲ, ಯಾರದೋ ಮದುವೆಗೆ ಹೋಗಿದ್ದ. ಅವನ ಹೆಂಡತಿ ರಾಜಬೀ ಕಟ್ಟೆಯ ಮೇಲೆ ಚಾಪೆ ಹಾಸಿ, "ಬರ್ರಿ ಸರ, ಕುಂದರ್ರಿ. ಚಹಾ ಮಾಡತೀನಿ, ಶುಂಠಿ ಹಾಕಂಗಿಲ್ಲ ಅಂಜಬ್ಯಾಡ್ರಿ" ಎಂದಳು. ಉಂಡಿಯ ಡಬ್ಬಿ ತೆಗೆದು ನೋಡಿ ಮುಖ ಅರಳಿಸಿದಳು. ಅವನು ಚಹಾ ಮುಗಿಸಿ, ಚೀಲದಿಂದ ಬರಿದಾದ ಬಾಟಲಿ ತೆಗೆದು ಇಬ್ಬರ ನಡುವೆ ಇಟ್ಟ.

"ಮುಗೀತೇನ್ರಿ? ಅಕ್ಕಾರು ಹೆಂಗದಾರ?"

"ಸೀನು ನಿಂತಾವ. ಒಂದೂ ಇಲ್ಲ."

"ಅಲ್ಲಾನ ದಯಾ." ಅವಳು ಬಾಟಲಿಯನ್ನು ಎತ್ತಿ ಬೆಳಕಿಗೆ ಹಿಡಿದಳು. ಆಮೇಲೆ ಸೆರಗಿನ ತುದಿ ಬಾಯಿಗೆ ಅಡ್ಡ ಹಿಡಿದು, "ಸರ, ಒಂದ ಮಾತು ಹೇಳತೀನಿ. ಸಿಟ್ಟಿಗೇಳಬಾರದು. ಇವರಿಗೂ ಹೇಳಿಲ್ಲ ನಾ" ಎಂದಳು.

"ಹೇಳ್ರಿ" ಎಂದ ಅವನು.

"ಇದರಾಗ ಜೇನ ಇರಲಿಲ್ರಿ. ಕಾಕವಿ ತುಂಬಿದ್ದೆ. ಬೆಲ್ಲ ಗಟ್ಟಿ ಆಗೂದಕ್ಕಿಂತ ಮದಲ ಇಳಸತಾರಲ್ಲ, ಆ ಕಬ್ಬಿನ ಪಾಕ. ಅಕ್ಕಾರಿಗೆ ಗೊತ್ತಾಗದಂಗ ಕೊಡತಾರಂತ ಅಂತ ಇವರು ಅಂದ್ರು. ನನ್ನ ಕೈ ಏಳಲಿಲ್ಲ. ನಾ ರಂಜಾನದಾಗ ರೋಜಾ ಹಿಡಿಯಾಕಿ ಸರ. ಇನ್ನೊಬ್ಬಾಕಿ ರೋಜಾ ನಾ ಹೆಂಗ ಮುರೀಲಿ? ಒಳಗ ಖರೇ ಜೇನೂ ಐತಿ, ನಿಮಗ ಬೇಕಂದ್ರ ಅದನ್ನ ಕೊಡತೀನಿ. ಆದರ ಅಕ್ಕಾರಿಗೆ ಹೇಳಿ ಕೊಡ್ರಿ."

ಓಣಿಯ ಆಚೆ ಯಾರೋ ಮರಾಠಿಯಲ್ಲಿ ಕೂಗಿ ಎಮ್ಮೆ ಓಡಿಸುತ್ತಿದ್ದರು. ಆಮೇಲೆ ಸುಟ್ಟ ಊರುಗಳೆಲ್ಲ ಒಂದೊಂದಾಗಿ ಎದ್ದು ನಿಂತವು, ಮೊರ ಹಿಡಿದ ಮುದುಕಿಯೂ ಸೇರಿ. ಸುಂದರಾ ಜೇನು ಕುಡಿದಿಲ್ಲ! ಅಳು ಬರುವ ಹಾಗಾಗಿ ಅವನು ಖಾಲಿ ಕಪ್ಪನ್ನು ಮತ್ತೊಮ್ಮೆ ಬಾಯಿಗೆ ಎತ್ತಿದ. ಜೇನಿನ ರುಚಿ ತಿಳಿದವರಿಗೆ ಯಾರಿಗಾದರೂ ಒಂದು ಹನಿಗೆ ಗೊತ್ತಾಗುತ್ತಿತ್ತು. ಹಿಂದಿನ ಏಳು ತಲೆಮಾರು ಜೇನು ಮುಟ್ಟದ ಮನೆಯವನಿಗೆ, ಅದರಲ್ಲೂ ಉಸಿರು ಹಿಡಿದು ಮುಖ ತಿರುಗಿಸುವ ಧರ್ಮವಂತನಿಗೆ, ಕಬ್ಬಿನ ಸೀಮೆಯಲ್ಲಿ ಹುಟ್ಟಿ ಬೆಳೆದೂ ಕಾಕವಿ ಗೊತ್ತಾಗಲಿಲ್ಲ. ಮೂರು ವರ್ಷದ ಹಿಂದಿನ ಒಂದು ರಂಜಾನ್ ಸಂಜೆ ನೆನಪಿಗೆ ಬಂತು. ರಾಜಬೀ ಯಾವುದೋ ತಪಾಸಣೆಗೆಂದು ಬೆಳಗಾವಿಗೆ ಬಂದವಳು ಅನಗೋಳದ ಮನೆಯಲ್ಲಿ ಉಳಿದಿದ್ದಳು. ಸುಂದರಾಬಾಯಿ ಬಿಸಿಲಿರುವಾಗಲೇ ಉಂಡು ಕೈ ತೊಳೆದು, ಖರ್ಜೂರದ ತಟ್ಟೆಯನ್ನು ರಾಜಬೀಯ ಮುಂದಿಟ್ಟು, ಅವಳ ಜೊತೆ ಹಿತ್ತಲ ಬಾಗಿಲಲ್ಲಿ ಕೂತಿದ್ದಳು. ಒಬ್ಬಳು ಹೊತ್ತು ಮುಳುಗುವ ಮೊದಲು ಉಣ್ಣುವವಳು, ಇನ್ನೊಬ್ಬಳು ಮುಳುಗಿದ ಮೇಲೆ. ಇಬ್ಬರೂ ಒಂದೇ ಸೂರ್ಯನನ್ನು ನೋಡುತ್ತಿದ್ದರು. ಅವನು ಅಂದು ಅದನ್ನು ನೋಡಿ, ಚಂದ ಅಂದುಕೊಂಡು, ಪೇಪರು ಓದಲು ಹೋಗಿದ್ದ.

"ಕಾಕವಿನ ಕೊಡ್ರಿ" ಎಂದ. ರಾಜಬೀ ಬಾಟಲಿ ತೊಳೆದು ತುಂಬಿಕೊಟ್ಟಳು.

ಮರಳುವ ಬಸ್ಸಿನಲ್ಲಿ ಹಗುರು ಹೆಚ್ಚು ಹೊತ್ತು ಉಳಿಯಲಿಲ್ಲ. ಹಾಗಾದರೆ ಸೀನು ನಿಂತದ್ದು ಯಾವುದರಿಂದ? ಉಪ್ಪುನೀರು ಇರಬಹುದು. ಸಂಜೆ ಓಮಕಾಳಿನ ಉಗಿ ಇರಬಹುದು. ಮುಂಜಾನೆ ಕಿಟಕಿ ಮುಚ್ಚಿದ್ದು, ಸೀರೆಗಳನ್ನು ಮಾಳಿಗೆಯ ಬದಲು ಒಳಗೆ ಒಣಹಾಕಿದ್ದು. ಅಥವಾ ಬಾಜುವಿನ ಖಾಲಿ ಪ್ಲಾಟು: ಜೇನು ಹಾಕತೊಡಗಿದ ಮೊದಲ ವಾರ, ಮನೆಯೊಳಗೆ ಅವಳ ಮುಖ ನೋಡಲಾಗದೆ, ಅವನು ಬೆಳಿಗ್ಗೆ ಐದೂವರೆಗೆದ್ದು ಮೂಗಿಗೆ ಬಟ್ಟೆ ಕಟ್ಟಿಕೊಂಡು, ಅಲ್ಲಿಯ ಕಾಂಗ್ರೆಸ್ ಕಸವನ್ನೆಲ್ಲ ಬೇರುಸಹಿತ ಕಿತ್ತಿದ್ದ. ಎಂಟು ದಿನ ಹಿಡಿಯಿತು, ಮುಂಗೈ ತುಂಬ ಗಂಧೆ ಎದ್ದವು. ಅದನ್ನು ಔಷಧಿ ಎಂದು ಅವನು ಎಣಿಸಿಯೇ ಇರಲಿಲ್ಲ. ಹೋಗಲಿ, ಯಾವುದಾದರೇನು. ಈಗ ಹೇಳಬೇಕಾದದ್ದು ಏನು ಉಳಿದಿದೆ? ನೇಮ ಮುರಿದಿಲ್ಲ, ಸೀನು ಇಲ್ಲ, ಕಳಶ ಬಂದಿದೆ. ಬಾಯಿ ಮುಚ್ಚಿಕೊಂಡಿದ್ದರೆ ಅವಳು ನಗುತ್ತಲೇ ಇರುತ್ತಾಳೆ. ದೇಸೂರ ಬಂತು, ಮುದುಕಿ ಎದ್ದು ಹೋಗಿದ್ದಳು, ಮೊರ ರಾಶಿಯ ಮೇಲಿತ್ತು. ಆದರೆ ಅವನು ಹಾಕಿದ್ದು ಜೇನೇ. ಬಾಟಲಿಯಲ್ಲಿ ಏನಿತ್ತೋ, ಅವನ ಕೈಯಲ್ಲಿದ್ದದ್ದು ಜೇನು, ಎರಡು ಹೊತ್ತು, ಇಪ್ಪತ್ತೆರಡು ದಿನ. ಅವಳ ನೇಮವನ್ನು ಉಳಿಸಿದವಳು ಇಪ್ಪತ್ತಾರು ಕಿಲೋಮೀಟರು ದೂರದ ರಾಜಬೀ. ಮುರಿದವನು ಒಂದೇ ಮನೆಯಲ್ಲಿ ಮಲಗುವ ತಾನು. ಬಸದಿಯಲ್ಲಿ ಒಮ್ಮೆ ಆಚೆ ನೋಡಿದ್ದಾಯಿತು. ಈಗ ಸುಮ್ಮನಿದ್ದರೆ ಮತ್ತೊಮ್ಮೆ ನೋಡಿದ ಹಾಗೆ. ಪೀರನವಾಡಿಯ ಹತ್ತಿರ ಲಾರಿಯೊಂದು ಅಡ್ಡ ನಿಂತು ಬಸ್ಸು ಕದಲದಾಯಿತು. ಅವನು ಕಿಟಕಿಯಿಂದ ಸೂರ್ಯನನ್ನು ನೋಡಿದ, ಜೀವನದಲ್ಲಿ ಮೊದಲ ಸಲ ಅಷ್ಟು ಕಾಳಜಿಯಿಂದ.

ಮನೆ ಮುಟ್ಟಿದಾಗ ಹಿತ್ತಲ ಗೋಡೆಯ ಮೇಲೆ ಮೊಳದಷ್ಟು ಬಿಸಿಲು ಉಳಿದಿತ್ತು. ಸುಂದರಾಬಾಯಿ ಕಷಾಯ ತಾನೇ ಕಾಸಿ ಮುಚ್ಚಿಟ್ಟು ಬಾಗಿಲಲ್ಲಿ ಕೂತಿದ್ದಳು. "ತಡಾ ಮಾಡಿದ್ರಿ. ಸಿಹಿ ಅಷ್ಟ ಹಾಕ್ರಿ ಈಗ, ಅದು ನಿಮ್ಮ ಕೆಲಸ" ಎಂದಳು. ಅವನು ಬಾಟಲಿಯನ್ನು ಅವಳ ಎದುರಿಗೇ ಚೀಲದಿಂದ ತೆಗೆದ. ನಿಂತೇ ಹೇಳಿದ, ಮಕ್ಕಳು ಪಾಠ ಒಪ್ಪಿಸುವ ಹಾಗೆ, ಎಲ್ಲಿಯೂ ನಿಲ್ಲದೆ: ಸಮದ ಹೇಳಿದ್ದು, ತಾನು ತರಿಸಿದ್ದು, ಮುಖ ತಿರುಗಿಸಿ ಹಾಕಿದ್ದು, ರಾಜಬೀ ಮಾಡಿದ್ದು. ಬಸದಿಯಲ್ಲಿ ಆಚೆ ನೋಡಿದ್ದನ್ನೂ ಹೇಳಿದ. ಹೇಳಿ ಮುಗಿದಾಗ ಬಿಸಿಲು ಗೇಣಿಗೆ ಬಂದಿತ್ತು.

ಅವಳು ಬಾಟಲಿಯನ್ನು ಇಸಿದುಕೊಂಡು ಮುಚ್ಚಳ ತೆಗೆದು ಮೂಸಿದಳು.

"ಕಾಕವಿ ಅಂತ ನನಗ ಮದಲನೇ ದಿವಸನ ಗೊತ್ತಾಗಿತ್ತು" ಎಂದಳು. "ನಮ್ಮ ತವರು ಸದಲಗಾದಾಗ ಅಪ್ಪ ಕಬ್ಬಿನ ಗಾಣಾ ಹೂಡಿದಾಗ ಕೈಯಾಗ ಹಾಕಿ ನೆಕ್ಕತಿದ್ವಿ. ಮದುವಿ ಆದ ವರ್ಷ ನಿಮಗ ಹೇಳಿದ್ದೆ, ಇಲ್ಲಿ ಕಾಕವಿ ಸಿಗಂಗಿಲ್ಲೇನ್ರಿ ಅಂತ. ಇಷ್ಟು ವರ್ಷದ ಮ್ಯಾಲ ನೆನಪಿಟ್ಟು ಎಲ್ಲಿಂದಲೋ ಹುಡಿಕ್ಯಾಡಿ ತಂದ್ರಿ ಅಂತ ತಿಳದಿದ್ದೆ. ಹೇಳದ ತಂದಾರ, ಕೇಳಿದ್ರ ನಾಚ್ಕೋತಾರ ಅಂತ ಸುಮ್ಮನಿದ್ದೆ." ಅವಳು ಬಾಟಲಿಯನ್ನು ಕೆಳಗಿಟ್ಟಳು. "ನೀವು ಜೇನ ಅಂತ ಹಾಕಿದ್ರಿ."

ಅವನು ಅವಳ ಪಕ್ಕದಲ್ಲಿ, ಹೊಸ್ತಿಲ ಮೇಲೆಯೇ, ಕೂತುಬಿಟ್ಟ. ನೇಮ ಮುರಿದದ್ದಕ್ಕೆ ಅವಳು ಬಯ್ಯುತ್ತಾಳೆಂದು ದಾರಿಯುದ್ದಕ್ಕೂ ಸಿದ್ಧನಾಗಿದ್ದ. ಆದರೆ ಅವಳು ಕಾಕವಿ ಕೇಳಿದ ಆ ಮಾತು ಅವನಿಗೆ ನೆನಪೇ ಇರಲಿಲ್ಲ. ಅದನ್ನೂ ಹೇಳಿದ: "ನನಗ ನೆನಪಿರಲಿಲ್ಲ ಸುಂದರಾ." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನ ಮುಂಗೈ ಮೇಲಿನ ಗಂಧೆಗಳ ಕಲೆಯನ್ನು ನೋಡಿದಳು, ಹೆಬ್ಬೆರಳಿನಿಂದ ಒಮ್ಮೆ ಸವರಿದಳು, ಕೈ ಹಿಂದೆ ತೆಗೆದಳು. ಆಮೇಲೆ ಪಾತ್ರೆಯ ಮುಚ್ಚಳ ತೆಗೆದು, "ಇದರಾಗ ಏನೇನ ಹಾಕತೀರಿ, ಹೇಳ್ರಿ" ಎಂದಳು.

"ಒಣಶುಂಠಿ. ಮೆಣಸು. ತುಳಸಿ. ಅರಿಶಿಣ."

"ಮತ್ತ?"

"ಕಾಕವಿ."

"ಮತ್ತ?"

"ಮತ್ತೇನಿಲ್ಲ."

ಅವಳು ಎರಡು ಲೋಟ ತಂದು ಸಮನಾಗಿ ಹಂಚಿ, ಅವನ ಕೈಯಿಂದಲೇ ಎರಡಕ್ಕೂ ಚಮಚ ಹಾಕಿಸಿದಳು. ಈ ಸಲ ಅವನು ಮುಖ ತಿರುಗಿಸಲಿಲ್ಲ. "ಮದಲ ನೀವು" ಎಂದಳು. ಅವನು ಕುಡಿದ. ಖಾರದ ಹಿಂದೆ, ಗಂಟಲಿನ ತಳದಲ್ಲಿ, ಸುಟ್ಟ ಕಬ್ಬಿನ ಸಿಹಿ. ಹುಟ್ಟಿದ ದಿನದಿಂದ ಗೊತ್ತಿದ್ದ ಸಿಹಿ. ಗೋಡೆಯ ಮೇಲೆ ಬೆರಳಷ್ಟು ಬಿಸಿಲಿತ್ತು. ಅದನ್ನು ನೋಡುತ್ತಲೇ ಅವಳೂ ಒಂದೇ ಗುಟುಕಿಗೆ ಕುಡಿದು ಲೋಟ ಬೋರಲು ಹಾಕಿದಳು.

"ಖರೇನ ಕಾಕವಿ" ಎಂದ ಅವನು.

"ಕೇಳಿದ್ರ ಮದಲನೇ ದಿವಸನ ಹೇಳತಿದ್ದೆ" ಎಂದಳು ಅವಳು.